ಹರಿದು ಹಾಕಿದ ಅಭಿಪ್ರಾಯ

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಹಿರಿಯೂರಿನ ಒಂದು ಹಳೆಯ ಚಿತ್ರಮಂದಿರದಲ್ಲಿ ಮ್ಯಾನೇಜರ್ ಆಗಿದ್ದೆ. ಊರಿನವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಎಲ್ಲರಿಗೂ ನಾನು ಮ್ಯಾನೇಜರ್ ಸಾಬರು. ಟಿಕೆಟ್ ಕೌಂಟರು, ಪ್ರೊಜೆಕ್ಟರು, ಮುರಿದ ಸೀಟು, ಸೀಟಿಗಾಗಿ ಜಗಳ, ಎಲ್ಲವೂ ನನ್ನ ತಲೆಯ ಮೇಲೆ. ಇವು ಸಾಲದು ಎಂಬಂತೆ ಇನ್ನೊಂದು ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಅದು ಅಭಿಪ್ರಾಯ ಪುಸ್ತಕ.

ಹೊರಬಾಗಿಲ ಪಕ್ಕದ ಮೇಜಿನ ಮೇಲೆ ಗೆರೆ ಹಾಕಿದ ದಪ್ಪ ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಸಿನಿಮಾ ಮುಗಿಸಿ ಹೊರಬರುವವರು ಮನಸ್ಸಿಗೆ ಬಂದದ್ದನ್ನು ಬರೆಯಬಹುದಿತ್ತು. ಗುರುವಾರ ಮಾಲೀಕರು ಬಂದು ಅದನ್ನು ಓದಿ, ಸಿನಿಮಾವನ್ನು ಇನ್ನೊಂದು ವಾರ ಓಡಿಸುವುದೋ ತೆಗೆಯುವುದೋ ಎಂದು ತೀರ್ಮಾನಿಸುತ್ತಿದ್ದರು. ಅವರಿಗೆ ಕೋಪ ಮೂಗಿನ ತುದಿಯಲ್ಲಿ. ತೆಗಳಿಕೆ ಕಂಡರೆ ಪುಸ್ತಕವನ್ನು ನನ್ನ ಕಡೆಗೇ ಎಸೆಯುತ್ತಿದ್ದರು. ಹಾಗಾಗಿ ಅವರು ಬರುವ ಮೊದಲು ಬೈದು ಬರೆದ ಹಾಳೆಗಳನ್ನು ಹರಿದು ಹಾಕುವುದು ನನ್ನ ರೂಢಿಯಾಗಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಅಷ್ಟೇ ಎಂದುಕೊಂಡಿದ್ದೆ.

ಅದು ಮಾರ್ಚ್ ತಿಂಗಳು. ಪರೀಕ್ಷೆಯ ಕಾಲವಾದ್ದರಿಂದ ಹೊಸ ಸಿನಿಮಾ ಸಿಗಲಿಲ್ಲ. ವಿತರಕರು ಒಂದು ಹಳೆಯ ಇಂಗ್ಲಿಷ್ ಸಿನಿಮಾ ಕೊಟ್ಟರು. ಹಡಗು, ಕತ್ತಿವರಸೆ, ನಿರ್ಜನ ದ್ವೀಪ, ಹರಿದ ನಕ್ಷೆ, ಕೊನೆಗೆ ಭೂಮಿಯೊಳಗಿಂದ ಮೇಲೇಳುವ ಚಿನ್ನದ ಪೆಟ್ಟಿಗೆ. ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಎರಡನೇ ದಿನಕ್ಕೇ ಬಾಲ್ಕನಿ ತುಂಬಿತು.

ಅಭಿಪ್ರಾಯಗಳನ್ನು ಓದಿ ನಾನು ಒಬ್ಬನೇ ನಗುತ್ತಿದ್ದೆ. ‘ಕತ್ತಿ ಫೈಟು ಚಿಂದಿ, ಹಾಡು ಇಲ್ಲ ಅನ್ನೋದೇ ಬೇಜಾರು’ ಎಂದು ಕೊಬ್ಬರಿ ಮಂಡಿಯ ಒಬ್ಬ ಬರೆದಿದ್ದ. ‘ಇಷ್ಟು ಚಿನ್ನ ಸಿಕ್ಕರೂ ನಾಯಕಿಗೆ ಒಂದು ಓಲೆ ಮಾಡಿಸಲಿಲ್ಲ, ಎಂಥ ಗಂಡಸು’ ಎಂದು ಒಬ್ಬ ಹೆಣ್ಣುಮಗಳು. ‘ಕೋಟೆ ಊರಿನವರಿಗೆ ಇದೇನು ದೊಡ್ಡದಲ್ಲ, ನಮ್ಮ ಬೆಟ್ಟ ಅಗೆದರೆ ಇದರ ಹತ್ತರಷ್ಟು ಐತೆ’ ಎಂದು ಚಿತ್ರದುರ್ಗದಿಂದ ಬಂದಿದ್ದ ಯಾರೋ.

ಶನಿವಾರದ ಪುಟದಲ್ಲಿ ಒಂದು ವಿಚಿತ್ರ ಅಭಿಪ್ರಾಯವಿತ್ತು: ‘ಪೆಟ್ಟಿಗೆ ಎತ್ತುವಾಗ ಹಗ್ಗಕ್ಕೆ ಹಾಕಿದ ಗಂಟು ತಪ್ಪು. ಭಾರ ಬಿದ್ದರೆ ಜಾರುತ್ತೆ.’ ಕೆಳಗೆ ಓಬಳೇಶ, ಹರಿಯಬ್ಬೆ ಎಂದಿತ್ತು. ಭಾನುವಾರ ಅವನೇ ಮತ್ತೆ ಬಂದ. ನಲವತ್ತರ ಆಸುಪಾಸಿನ ಆಳು, ಅಂಗೈ ತುಂಬ ಹಗ್ಗ ಉಜ್ಜಿದ ಗೆರೆ.

“ಏನಪ್ಪ, ಹೀರೋಗೂ ನೀನೇ ಗಂಟು ಹಾಕೋದು ಹೇಳ್ಕೊಡ್ತೀಯ?” ಎಂದೆ.

“ಬಾವಿ ಹೂಳು ತೆಗೆಯೋನು ಸಾಬ್ರೇ. ಚಿಕ್ಕಂದಿನಿಂದ ಅದೇ ಕಸುಬು. ಕಣ್ಣಿಗೆ ಬಿದ್ದಿದ್ದು ಬರ್ದೆ,” ಎಂದು ನಕ್ಕ.

ಬುಧವಾರ ಮ್ಯಾಟಿನಿಗೆ ಮೂರನೇ ಸಲ ಬಂದ. ಆ ದಿನ ನಗಲಿಲ್ಲ. ಹಿಂದೆ ಜನ ನಿಂತು ಗೊಣಗುತ್ತಿದ್ದರೂ ಬಗ್ಗಿ ಒಂದು ಪುಟ ಪೂರ್ತಿ ಬರೆದ. ಹೋಗುವಾಗ ನನ್ನ ಹತ್ತಿರ ಬಂದು, “ಪೂರ್ತಿ ಓದ್ರಿ ಸಾಬ್ರೇ,” ಎಂದ.

“ಓದ್ತೀನಿ ಹೋಗಪ್ಪ,” ಎಂದೆ.

ಗುರುವಾರ ಬೆಳಿಗ್ಗೆ ಪುಸ್ತಕ ತೆಗೆದೆ. ಓಬಳೇಶನ ಪುಟದಲ್ಲಿ ನಾಲ್ಕು ಸಾಲು ಓದಿದೆ. ಎಲ್ಲ ತೆಗಳಿಕೆಯ ಧಾಟಿ. ಉಳಿದದ್ದರ ಮೇಲೆ ಕಣ್ಣಾಡಿಸಿದೆನೇ ಹೊರತು ಓದಲಿಲ್ಲ. ಪರ್‍ರನೆ ಹರಿದು ಬುಟ್ಟಿಗೆ ಹಾಕಿದೆ. ಗುಡಿಸುವವರು ಬುಟ್ಟಿಯನ್ನು ಹಿತ್ತಲಿಗೆ ಒಯ್ದು, ದಿನದಂತೆ ಕಸದ ಜೊತೆ ಬೆಂಕಿ ಇಟ್ಟರು. ಮಾಲೀಕರು ಬಂದರು, ಪುಸ್ತಕ ಓದಿ ಖುಷಿಪಟ್ಟರು, ಎರಡನೇ ವಾರಕ್ಕೆ ಒಪ್ಪಿದರು.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಬಸ್ಸಿಳಿದು ಬಿಸಿಲಲ್ಲಿ ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಹೆಸರು ಗಂಗಮ್ಮ, ಓಬಳೇಶನ ಹೆಂಡತಿ ಎಂದಳು.

“ನಿನ್ನೆ ಸಂಜೆ ಹೋದೋರು ಬಂದಿಲ್ಲ ಸಾಬ್ರೇ. ಯಾರೋ ಇಬ್ರು ನಿಧಿ ತೆಗೆಯೋಕೆ ಕರ್ಕೊಂಡು ಹೋದ್ರು. ಜಾಗ ಬಾಯಿ ಬಿಟ್ಟು ಹೇಳಿದ್ರೆ ಚಿನ್ನ ಎಲ್ಲ ಇದ್ದಿಲಾಗ್ತೈತೆ ಅಂತ ಆಣೆ ಹಾಕ್ಸಿದ್ರಂತೆ. ಅದಕ್ಕೆ ಇವ್ರು ಹೇಳ್ಲಿಲ್ಲ. ಬೆಳಿಗ್ಗೆ ಬರ್ಲಿಲ್ಲ ಅಂದ್ರೆ ಸಿನಿಮಾದ ಸಾಬ್ರ ಹತ್ರ ಹೋಗು, ಅವ್ರ ಬುಕ್ಕಲ್ಲಿ ಎಲ್ಲ ಬರ್ದಿಟ್ಟೀನಿ ಅಂದ್ರು. ನಂಗೆ ಓದೋಕೆ ಬರಲ್ಲ. ನೀವು ಓದಿ ಹೇಳ್ರಿ.”

ಬಾಯಲ್ಲಿ ಹೇಳುವುದಿಲ್ಲವೆಂದು ಆಣೆ ಇಟ್ಟವನು ಆಣೆಯನ್ನೂ ಮೀರದೆ, ಜೀವದ ಆಸೆಯನ್ನೂ ಬಿಡದೆ ಒಂದು ದಾರಿ ಹುಡುಕಿದ್ದ. ಆ ದಾರಿಯೇ ನಾನು. ಆದರೂ ನಾಚಿಕೆಗೆಟ್ಟವನ ಹಾಗೆ ಅವಳೆದುರು ಪುಟ ತಿರುವುತ್ತಾ ಕುಳಿತೆ, ಹುಡುಕುವವನಂತೆ. ಅಕ್ಷರ ಬಾರದ ಆ ಹೆಂಗಸು ಹರಿದ ಅಂಚಿನ ಮೇಲೆ ಬೆರಳಿಟ್ಟು, “ಇಲ್ಲಿತ್ತಾ?” ಎಂದು ಕೇಳಿದಳು. ಆಗ ನಿಜ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿತ್ತಲಿಗೆ ಓಡಿ ಬೂದಿ ಕೆದಕಿದೆ. ಏನೂ ಉಳಿದಿರಲಿಲ್ಲ. ಪೊಲೀಸರ ಹತ್ತಿರ ಹೋಗಿ ಒಂದನ್ನೂ ಮುಚ್ಚಿಡದೆ ಹೇಳಿದೆ. ಉಳಿದ ಸಾಲುಗಳ ಮೇಲೆ ಕಣ್ಣಾಡಿಸುವಾಗ ‘ಹುಣಸೆ ಮರ’ ಎಂಬ ಪದ ಕಂಡ ನೆನಪಿತ್ತು, ಬೇರೇನೂ ಇಲ್ಲ. ಹುಣಸೆ ಮರ ಇಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ಗುರುವಾರ, ಶುಕ್ರವಾರ, ಶನಿವಾರ ಹರಿಯಬ್ಬೆಯ ಸುತ್ತಮುತ್ತ ಹಾಳು ಗುಡಿ, ಪಾಳು ಬಾವಿ ಒಂದನ್ನೂ ಬಿಡದೆ ಹುಡುಕಿದೆವು. ಕೆಲಸಕ್ಕೆ ರಜೆ ಹಾಕಿ ನಾನೂ ಅಲೆದೆ. ಸಿಕ್ಕ ಸಿಕ್ಕ ಹುಣಸೆ ಮರದ ಕೆಳಗೆ ನಿಂತು ಅವನ ಹೆಸರು ಕೂಗಿ, ನೆಲಕ್ಕೆ ಕಿವಿಗೊಟ್ಟೆ.

ಅವನು ಇದ್ದದ್ದು ಬೇರೆಯೇ ದಿಕ್ಕಿನಲ್ಲಿ. ಭಾನುವಾರ ಹೊಸದುರ್ಗದ ಕಡೆ ಕುರಿ ಮೇಯಿಸುವವರು ಒಂದು ಪಾಳು ಬಾವಿಯಲ್ಲಿ ಹೊಸ ಮಣ್ಣು ಕುಸಿದಿರುವುದನ್ನು ಕಂಡರು. ಬಾವಿಯ ದಡದಲ್ಲಿ ಹುಣಸೆ ಮರವಿತ್ತು. ಗೋಡೆಗೆ ಅಡ್ಡವಾಗಿ ಸುರಂಗ ಕೊರೆಯುವಾಗ ಮಣ್ಣು ಕುಸಿದಿತ್ತು. ಮೇಲಿದ್ದ ಇಬ್ಬರೂ ಹಗ್ಗ ಬಿಟ್ಟು ಓಡಿದ್ದರು. ಹೆಣ ಪರೀಕ್ಷಿಸಿದ ವೈದ್ಯರು ನಾನು ಕೇಳದಿದ್ದರೂ ಹೇಳಿದರು: “ಕುಸಿದ ತಕ್ಷಣ ಸತ್ತಿಲ್ಲ. ಒಳಗೆ ಉಸಿರಾಡೋಷ್ಟು ಜಾಗ ಇತ್ತು. ಶುಕ್ರವಾರದವರೆಗೂ ಜೀವ ಇದ್ದಿರಬಹುದು.”

ಗುರುವಾರ ಮಧ್ಯಾಹ್ನ ಆ ಹಾಳೆ ನನ್ನ ಕೈಯಲ್ಲಿದ್ದಿದ್ದರೆ, ಜೀಪಿನಲ್ಲಿ ಕತ್ತಲಾಗುವುದರೊಳಗೆ ಅಲ್ಲಿರುತ್ತಿದ್ದೆವು. ಈ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಓಡಿಹೋದ ಇಬ್ಬರೂ ಸಿಕ್ಕಿಬಿದ್ದು ಜೈಲಿಗೆ ಹೋದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸಿನಿಮಾ ಎರಡನೇ ವಾರವೂ ತುಂಬಿ ಓಡಿತು. ಪೆಟ್ಟಿಗೆ ಮೇಲೇಳುವಾಗ ಜನ ಶಿಳ್ಳೆ ಹೊಡೆಯುತ್ತಿದ್ದರೆ ನಾನು ಕಚೇರಿಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಆಮೇಲೆ ನಿವೃತ್ತಿಯವರೆಗೆ ಆ ಪುಸ್ತಕದ ಒಂದು ಹಾಳೆಯನ್ನೂ ಹರಿಯಲಿಲ್ಲ. ಮಾಲೀಕರು ಬೈದರೆ ಬೈಸಿಕೊಂಡೆ. ಮೆಚ್ಚಿದವರ ಮಾತನ್ನು ಅರ್ಧಕ್ಕೆ ಬಿಟ್ಟರೂ ನಡೆದೀತು, ದೂರುವವರ ಮಾತನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿಯುವಷ್ಟರಲ್ಲಿ ತಡವಾಗಿತ್ತು.

ಆರು ತಿಂಗಳಾದ ಮೇಲೆ ಗಂಗಮ್ಮ ಮತ್ತೊಮ್ಮೆ ಬಂದಳು. ಚಹಾ ತರಿಸಿದರೆ ಮುಟ್ಟಲಿಲ್ಲ.

“ಸಾಬ್ರೇ, ನೀವು ಓದಿದ ನಾಲ್ಕು ಸಾಲಾದ್ರೂ ಹೇಳ್ರಿ. ಅವ್ರು ಕೊನೇಗೆ ಬರ್ದಿದ್ದು ಅದೇ ಅಲ್ವಾ,” ಎಂದಳು.

ನೆನಪಿದ್ದಷ್ಟನ್ನು ಒಂದಕ್ಷರ ಬದಲಿಸದೆ ಹೇಳಿದೆ: “ಮೂರು ಸಲ ನೋಡಿದೆ. ಇದನ್ನು ತೆಗೆದವರಿಗೆ ಗುಂಡಿ ಅಗೆಯೋದು ಗೊತ್ತಿಲ್ಲ. ಎಲ್ಲರೂ ಒಟ್ಟಿಗೆ ಕೆಳಗಿಳೀತಾರೆ. ಮೇಲೆ ನಂಬೋ ಅಂಥವನು ಒಬ್ಬ ಇರಬೇಕು.”

ಅವಳು ತಲೆ ಆಡಿಸುತ್ತಾ ಕೇಳಿದಳು. ಅವನ ಧ್ವನಿ ಕೇಳಿದಷ್ಟೇ ಸಮಾಧಾನ ಒಂದು ಗಳಿಗೆ ಅವಳ ಮುಖದಲ್ಲಿ ಕಂಡಿತು.

“ಆಮೇಲೆ?” ಎಂದಳು.