ಮಂಜಿನ ದಿನ ಕಿಟಕಿ ತೆರೆಯುವವರು

ಬೀದರ ಅಂದರೆ ಬರೀ ಬಿಸಿಲು ಎನ್ನುವವರನ್ನು ಡಿಸೆಂಬರಿನ ಒಂದು ಬೆಳಿಗ್ಗೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ತಂದು ನಿಲ್ಲಿಸಬೇಕು. ಚಹಾ ತುಟಿಗೆ ಬರುವಷ್ಟರಲ್ಲಿ ಆರಿರುತ್ತದೆ. ನಾನು ಅಲ್ಲಿಂದ ದಿನಾ ಬೀದರದ ಕಚೇರಿಗೆ ಹೋಗಿಬರುವವಳು. ಚಳಿಯನ್ನು ಬೈಯದೆ ಬಸ್ಸು ಹತ್ತಿದ ದಿನ ನೆನಪಿಲ್ಲ.

ನಮ್ಮ ಬಸ್ಸು ಠಾಣಾ ಕುಶನೂರದಿಂದ ಹೊರಟು ಭಾಲ್ಕಿ ಮೇಲೆ ಹಾಯ್ದು ಬೀದರಕ್ಕೆ ಹೋಗುತ್ತದೆ. ಮಾಸ್ತರರು, ನರ್ಸುಗಳು, ಕಾಲೇಜಿನ ಹುಡುಗಿಯರು, ನನ್ನಂಥ ಗುಮಾಸ್ತರು ಎಲ್ಲ ಮುಖಪರಿಚಯದವರೇ. ನಮ್ಮಲ್ಲಿ ಯಾರೂ ಬರೆದಿಡದ ಒಂದು ಕಾಯ್ದೆ ಇದೆ: ಮಂಜು ಬಿದ್ದ ದಿನ ಕಿಟಕಿಗಳೆಲ್ಲ ತೆರೆದಿರಬೇಕು. ಮುಚ್ಚಿಕೊಂಡು ಕೂತರೆ ನಮ್ಮ ಉಸಿರಿನ ಆವಿ ಮುಂದಿನ ಗಾಜಿಗೆ ಹತ್ತಿ ಡ್ರೈವರನಿಗೆ ರಸ್ತೆ ಕಾಣುವುದಿಲ್ಲ. ಕಬ್ಬಿನ ಹಂಗಾಮು ಬೇರೆ; ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರುತ್ತವೆ. ನಡುಗಿದರೂ ಪರವಾಗಿಲ್ಲ, ಊರು ಮುಟ್ಟಿದರೆ ಸಾಕು ಎಂದು ಗಾಜು ಸರಿಸುತ್ತೇವೆ.

ಈ ಕಾಯ್ದೆಗೆ ಒಬ್ಬರೇ ವಿರೋಧಿ. ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಹಿರಿಯರು, ನನ್ನ ಹಿಂದಿನ ಸೀಟಿನವರು. ತಲೆಗೆ ಕುಲಾಯಿ, ಕೊರಳಿಗೆ ಮಫ್ಲರು, ಮೇಲೆ ಸೊಲ್ಲಾಪುರದ ದಪ್ಪ ಚಾದರ. ನಾನು ಗಾಜು ಸರಿಸಿದರೆ ಅವರು ಮುಚ್ಚುವರು, ಮತ್ತೆ ನಾನು ಸರಿಸುವೆ. ಬೀದರ ಬರುವವರೆಗೆ ಇಬ್ಬರಿಗೂ ಇದೇ ಕೆಲಸ.

ಕಳೆದ ಚಳಿಗಾಲದ ಒಂದು ದಿನ ಬಸ್ಸು ಹತ್ತಿದಾಗ ನನ್ನ ಪಕ್ಕದ ಸಾಲಿನಲ್ಲಿ ಹೊಸಬಳೊಬ್ಬಳು ಕೂಸನ್ನು ಎದೆಗವಚಿ ಕೂತಿದ್ದಳು. ಠಾಣಾ ಕುಶನೂರದಲ್ಲಿ ಹತ್ತಿದವಳಂತೆ. ಊರು ದಾಟುತ್ತಲೇ ಮಂಜು ದಟ್ಟವಾಯಿತು. ಡ್ರೈವರ್ ಕೂಗಿದ, "ಕಿಡಕಿ ತಗೀರಿ. ನನಗ ಮುಂದ ಏನೂ ಕಾಣಸವಲ್ದು."

ಎಲ್ಲರೂ ಗಾಜಿಗೆ ಕೈ ಹಾಕಿದೆವು. ಆಕೆ ಮಾತ್ರ ತನ್ನ ಗಾಜನ್ನು ಅಂಗೈಯಿಂದ ಒತ್ತಿ ಹಿಡಿದಳು.

"ತಗೀಬ್ಯಾಡ್ರಿ. ಕೂಸಿಗಿ ಥಂಡಿ ಹತ್ತಿ ಉಸರು ಎಳೀಲಕತ್ತದ. ದವಾಖಾನಿಗಿ ಒಯ್ಯಲಕತ್ತೀನಿ."

ಡ್ರೈವರ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಕಣ್ಣು ಕಟ್ಟಿಕೊಂಡು ಇಷ್ಟು ಜನರನ್ನು ಒಯ್ಯಲಾರೆ ಎಂದ. ಅವನದೂ ಸರಿ. ಕಿಟಕಿ ಮುಚ್ಚಿದರೆ ಬಸ್ಸು ಕದಲದು, ತೆರೆದರೆ ಕೂಸಿಗೆ ಗಾಳಿ, ಮಂಜು ಹರಿಯಲಿ ಎಂದು ಕಾದರೆ ಹೊತ್ತು ಮೀರುತ್ತದೆ. ಕೂಸಿನ ಪಕ್ಕೆಲುಬುಗಳು ಒಳಗೆ ಎಳೆದುಕೊಳ್ಳುತ್ತಿದ್ದವು. ನನಗೆ ಹೆದರಿಕೆಯಾಯಿತು.

ಆಗ ಹಿಂದಿನ ಸೀಟಿನ ವ್ಯಾಪಾರಿಗಳು ಎದ್ದರು. ಇದೇ ನೆವದಲ್ಲಿ ಎಲ್ಲ ಕಿಟಕಿ ಮುಚ್ಚಿಸಲು ಹೊರಟರು ಎಂದುಕೊಂಡು ನಾನು ಜಗಳಕ್ಕೆ ಸಜ್ಜಾದೆ. ಅವರು ಚಾದರ ಬಿಚ್ಚಿ, ಅದರ ಒಂದು ತುದಿಯನ್ನು ಸಾಮಾನು ಇಡುವ ಕಂಬಿಗೆ ಚೀಲದ ಬಾಯಿ ಕಟ್ಟುವ ಹಾಗೆ ಬಿಗಿದು ಕಟ್ಟಿದರು. ನನ್ನ ಶಾಲಿನ ಕಡೆ ಕೈ ಚಾಚಿದರು. "ನಿಮ್ದೂ ಕೊಡ್ರಿ, ಅಕ್ಕಾರ."

ಕೊಟ್ಟೆ. ಮಾಸ್ತರರ ಶಾಲುಗಳು ಬಂದವು, ಹುಡುಗಿಯರ ಓಢಣಿಗಳು ಬಂದವು. ತಾಯಿಯ ಸೀಟಿನ ಸುತ್ತ ಒಂದು ಪುಟ್ಟ ಡೇರೆ ಎದ್ದಿತು. ನರ್ಸೊಬ್ಬಳು ಕೂಸನ್ನು ನೋಡಿಕೊಳ್ಳಲು ಅದರೊಳಗೆ ನುಸುಳಿದಳು. ಉಳಿದ ಕಿಟಕಿಗಳೆಲ್ಲ ತೆರೆದವು. ವ್ಯಾಪಾರಿಗಳೂ ಹೋಗಿ ತಮ್ಮ ಗಾಜನ್ನು ಪೂರ್ತಿ ಹಿಂದಕ್ಕೆ ಸರಿಸಿದರು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಅಂಥ ಗಾಳಿಯನ್ನು ನಾನು ಯಾವತ್ತೂ ತಿಂದಿಲ್ಲ. ಕಿವಿ ಮರಗಟ್ಟಿತು, ಹಲ್ಲು ಕಟಕಟ ಎಂದವು. ಮುಚ್ಚೋಣ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಆ ಹಳೆಯ ಬಸ್ಸಿನ ಮೇಲೆ, ಅದರಲ್ಲಿ ನಡುಗುತ್ತ ಕೂತವರ ಮೇಲೆ ನನಗೆ ಹೇಳಲಾಗದಷ್ಟು ಅಭಿಮಾನ ಬಂತು.

ಬೀದರದಲ್ಲಿ ಡ್ರೈವರ್ ಆಸ್ಪತ್ರೆಯ ಎದುರಿಗೇ ನಿಲ್ಲಿಸಿದ. ಡೇರೆ ಬಿಚ್ಚಿದಾಗ ತಾಯಿಯ ಹಣೆ ಬೆವತಿತ್ತು. ಆಕೆ ಕೂಸನ್ನು ಎತ್ತಿಕೊಂಡು ಒಳಗೆ ಓಡಿದಳು. ಆಮೇಲೆ ಏನಾಯಿತೋ ನಮಗೆ ತಿಳಿಯಲಿಲ್ಲ. ವ್ಯಾಪಾರಿಗಳು ದಿನಾ ಕಂಡಕ್ಟರನನ್ನು ಕೇಳುವರು, ಅವನು ತಿಳಿಯದೆಂದು ತಲೆ ಅಲ್ಲಾಡಿಸುವನು. ಮಂಜಿಲ್ಲದ ದಿನ ಬರೀ ಹಟಕ್ಕೆ ನಮ್ಮ ಗಾಜಿನ ಜಗಳ ನಡೆದೇ ಇತ್ತು, ಆದರೆ ಅದರಲ್ಲಿ ಮೊದಲಿನ ರುಚಿ ಇರಲಿಲ್ಲ.

ಎಳ್ಳಮಾಸಿ ಹಬ್ಬ ಕಳೆದ ಮೇಲೆ ಮತ್ತೊಂದು ಮಂಜಿನ ಬೆಳಿಗ್ಗೆ ಹತ್ತಿದಾಗ ಆಕೆ ಅದೇ ಸೀಟಿನಲ್ಲಿದ್ದಳು. ತೊಡೆಯ ಮೇಲೆ ಕೆಂಪು ಟೊಪ್ಪಿಗೆಯ ಕೂಸು, ಎದುರಿನ ಸರಳು ಹಿಡಿದು ಜಗ್ಗುತ್ತಿತ್ತು. ಡಾಕ್ಟರರು ಇನ್ನೊಮ್ಮೆ ತೋರಿಸಲು ಹೇಳಿದ್ದಾರಂತೆ. ವ್ಯಾಪಾರಿಗಳು ಏನೂ ಕೇಳದೆ ಚಾದರ ಬಿಚ್ಚಿ ಕಂಬಿಗೆ ಕೈ ಹಾಕಿದರು.

ಅಷ್ಟರಲ್ಲಿ ಕಿಟಕಿ ತೆರೆಯಲು ಡ್ರೈವರ್ ಕೂಗಿದ. ನಾವು ಯಾರೂ ಕೈ ಎತ್ತುವ ಮೊದಲೇ ಆಕೆ ತನ್ನ ಗಾಜು ಸರಿಸಿಬಿಟ್ಟಳು. ಚಾದರವನ್ನು ಅವರ ಕೈಯಿಂದ ತಗೊಂಡು ಕೂಸಿಗೆ ಸುತ್ತಿದಳು.

"ಈಗ ಆರಾಮ ಅದರಿ. ಡ್ರೈವರಗ ದಾರಿ ಕಾಣ್ಲಿ."

ವ್ಯಾಪಾರಿಗಳು ಚಾದರ ವಾಪಸು ಕೇಳಲಿಲ್ಲ. ತಮ್ಮ ಕಿಟಕಿಯನ್ನು ಪೂರ್ತಿ ತೆರೆದು, ಬೀದರದವರೆಗೆ ನಡುಗುತ್ತ ಕೂತರು.