ರಂಗದ ಮೇಲಿನ ಬಂಗುಡೆ ಸಾರು

ಕನ್ನಡದಲ್ಲಿ ಕತೆ ಬರೆದಾಗ ನನಗೆ ಯಾರ ಭಯವೂ ಇರಲಿಲ್ಲ. ಎರ್ಮಾಳಿನ ನಮ್ಮ ಮನೆಗಳಲ್ಲಿ ಪೇಪರು ಓದುವವರಿದ್ದಾರೆ, ಕತೆ ಓದುವವರಿಲ್ಲ. ಆ ಧೈರ್ಯದಲ್ಲೇ ಚಿಕ್ಕಮ್ಮನ ವಿಷಯ ಬರೆದೆ. ಕುಡಿದು ಬಂದು ಅವಳನ್ನು ಹೊಡೆಯುತ್ತಿದ್ದ ಚಿಕ್ಕಪ್ಪ ದೋಣಿ ಮಗುಚಿ ಸತ್ತ. ಉತ್ತರಕ್ರಿಯೆ ಮುಗಿಯುವ ತನಕ ಮನೆಯಲ್ಲಿ ಮೀನು ಬೇಯಿಸಬಾರದು. ಚಿಕ್ಕಮ್ಮ ಅದಕ್ಕೂ ಮೊದಲೇ, ಮೈದುನಂದಿರು ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ, ಬಾಗಿಲು ಹಾಕಿ ಬಂಗುಡೆ ಸಾರು ಮಾಡಿ ಹೊಟ್ಟೆ ತುಂಬ ಉಂಡಳು. ಶಾಲೆಗೆ ಹೋಗುತ್ತಿದ್ದ ನನಗೂ ಬಡಿಸಿದಳು.

ಮಣಿಪಾಲದ ತಂಡವೊಂದು ಈ ಕತೆಯನ್ನು ತುಳು ನಾಟಕ ಮಾಡುತ್ತೇವೆಂದು ಬಂದಾಗ ಉಬ್ಬಿಹೋಗಿ ಹೂಂ ಎಂದೆ. ರಿಹರ್ಸಲ್‌ಗೆ ಹೋಗಿ ನೋಡಿದರೆ ರಂಗದ ಮೇಲೆ ನಿಜವಾದ ಸ್ಟವ್, ನಿಜವಾದ ಸಾರು.

"ಓದುವಾಗ ಪರಿಮಳ ಬರುವುದಿಲ್ಲ ಅಲ್ವಾ? ಇಲ್ಲಿ ಬರಬೇಕು," ಎಂದರು ನಿರ್ದೇಶಕರು.

ಕತೆ ಓದದ ನಮ್ಮವರು ತುಳು ನಾಟಕ ಬಿಡುವವರಲ್ಲ ಎಂಬ ಭಯ ನನಗೆ ಅಂದೇ ಶುರುವಾಯಿತು. ಕಾರ್ಕಳದ ಪ್ರದರ್ಶನ ಹೇಗೋ ಮುಗಿಯಿತು. ಮುಂದಿನದು ನಮ್ಮೂರಿನ ಪಕ್ಕದ ಕಾಪುವಿನಲ್ಲಿ ಎಂದಾಗ, ಅಲ್ಲಿ ಮಾತ್ರ ಬೇಡ ಎಂದು ಗೋಗರೆದೆ.

"ಎಂತ ಮೇಡಂ, ಕಡಲಿನವರ ಕತೆಯನ್ನು ಕಡಲಿನವರು ನೋಡುವುದು ಬೇಡವಾ?"

ಆ ಸಂಜೆ ಚಿಕ್ಕಮ್ಮ ಬಂದಳು, ಇಬ್ಬರು ಮೈದುನರ ಜೊತೆಗೇ. ನನ್ನ ಎದುರಿನ ಸಾಲಿನಲ್ಲೇ ಕುಳಿತರು. ಇವತ್ತಿಗೂ ಅವರದು ಒಂದೇ ಅಂಗಳ, ಅವಳು ಮಾರುವುದು ಅವರ ದೋಣಿಯ ಮೀನು. ಅವರು ಮುನಿದರೆ ಅವಳ ಹೊಟ್ಟೆಪಾಡು ಮುಗಿಯಿತು. ಅದೂ ನನ್ನಿಂದ!

ನಟಿ ಬಾಗಿಲು ಹಾಕಿದಳು. ಸಾರು ಕುದಿಯಿತು, ಪರಿಮಳ ಸಭಾಂಗಣವಿಡೀ ಹಬ್ಬಿತು. ನಾನು ನಾಟಕ ನೋಡಲಿಲ್ಲ, ಚಿಕ್ಕಮ್ಮನ ಬೆನ್ನು ನೋಡುತ್ತಿದ್ದೆ. ಅದು ಅಲುಗಾಡಲಿಲ್ಲ. ಹುಚ್ಚಿ, ಹೆಸರು ಬದಲಿಸಿದರೆ ಸಾಕೆಂದು ನಂಬಿದ್ದೆಯಲ್ಲ ಎಂದು ನನ್ನನ್ನೇ ಬೈದುಕೊಂಡೆ. ನಟಿ ಒಂದು ಬಂಗುಡೆಯನ್ನು ನಿಧಾನವಾಗಿ ತಿಂದು ಮುಗಿಸಿದಳು. ಹೆಂಗಸರ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು.

ದೀಪ ಹತ್ತಿದಾಗ ಹಿರಿಯ ಮೈದುನ ನನ್ನತ್ತ ತಿರುಗಿದರು. ಮುಖ ಕೆಂಪಾಗಿತ್ತು.

"ಗಂಡ ಸತ್ತ ಮನೆಯಲ್ಲಿ ಮೀನು ತಿನ್ನುವ ಹೆಂಗಸು ಎಲ್ಲಿಯಾದರೂ ಉಂಟಾ? ಎಂತ ಬರೆಯುವುದು ನೀನು?"

ಅದೆಲ್ಲ ಬರೀ ಕಲ್ಪನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಉಂಟು," ಎಂದಳು ಮೈದುನನಿಗೆ. ಆಮೇಲೆ ನನ್ನ ಕಡೆ ನೋಡಿ, "ನಾಟಕದವಳು ಒಂದೇ ತಿಂದದ್ದು. ನಾನು ಮೂರು ತಿಂದಿದ್ದೆ."