ಜೇಜುರಿಯಲ್ಲಿ ಮಕ್ಕಳನ್ನು ಎಣಿಸಿದವರು

ಅಕ್ಕೋರ ಅಂಗೈ ಗಂಡಸರ ಅಂಗೈಯಷ್ಟು ಅಗಲವಾಗಿತ್ತು. ಒಂದನೇ ತರಗತಿಯ ಮಗುವಿನ ನೆತ್ತಿಯ ಮೇಲಿಟ್ಟರೆ ಹಣೆಯಿಂದ ಹಿಂದಲೆಯವರೆಗೆ ಮುಚ್ಚಿಹೋಗುತ್ತಿತ್ತು. ಪುಣೆಯ ಅಂಚಿನ ನಮ್ಮ ಖಾಸಗಿ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ; ಎಲ್ಲರಿಗೂ ಮ್ಯಾಡಮ್. ಬಾಗಲಕೋಟೆ ಕಡೆಯವಳಾದ ನಾನೊಬ್ಬಳು ಮಾತ್ರ ಊರಿನಲ್ಲಿ ಟೀಚರನ್ನು ಕರೆಯುವ ರೂಢಿಯಂತೆ ಅಕ್ಕೋರ ಎನ್ನುತ್ತಿದ್ದೆ. ಅವರ ತವರೂ ಅದೇ ಸೀಮೆ.

ಭೋಸರಿಯ ಕಾರ್ಖಾನೆಯಲ್ಲಿದ್ದ ಗಂಡನ ಹಿಂದೆ ಬಂದವಳು ನಾನು. ಸಂದರ್ಶನದಲ್ಲಿ ನನ್ನ ಮರಾಠಿ ಎಡವಿ ಬಿದ್ದಾಗ ಅವರು ಸರ್ಟಿಫಿಕೇಟು ನೋಡಿ ಕನ್ನಡಕ್ಕೇ ಇಳಿದರು.

"ಮರಾಠಿ ಬರ್ತದ ಬಿಡು. ಮಕ್ಕಳ ಮ್ಯಾಲೆ ಒದರಂಗಿಲ್ಲಲ್ಲ?"

"ಇಲ್ರಿ."

"ಹಂಗಿದ್ರ ಸೋಮವಾರದಿಂದ ಬಾ."

ಪಾಠ ಹೇಳುವುದನ್ನು ನಾನು ಕಲಿತದ್ದು ಅವರಿಂದ, ಕಾಲೇಜಿನಿಂದಲ್ಲ. ಬೋರ್ಡಿನ ಮೇಲೆ ಬರೆಯುವಾಗಲೂ ಮಕ್ಕಳಿಗೆ ಪೂರ್ತಿ ಬೆನ್ನು ಹಾಕಬಾರದು, ಅತಿ ತುಂಟ ಮಗುವಿಗೇ ನೋಟ್‌ಬುಕ್ಕು ಹಂಚಲು ಹೇಳಬೇಕು, ಅಳುವ ಮಗುವಿಗೆ ಮೊದಲು ನೀರು ಕೊಡಬೇಕು, ಆಮೇಲೆ ಕಾರಣ ಕೇಳಬೇಕು. ಇದನ್ನೆಲ್ಲ ಅವರು ಊಟದ ಡಬ್ಬಿ ಬಿಚ್ಚುತ್ತಲೇ ಹೇಳುತ್ತಿದ್ದರು. ಎಲ್ಲಕ್ಕೂ ಮೇಲಿನದು ಒಂದಿತ್ತು: "ನಮ್ಮದು ದಿನದ ಶಾಲಿ ತಂಗಿ. ಮುಂಜಾನೆ ಮಂದಿ ಮಕ್ಕಳನ್ನ ಇಸ್ಕೋತೀವಿ, ಸಂಜೀಕ ಹೊಳ್ಳಿ ಕೊಡ್ತೀವಿ. ಮೊದಲ ಅದು, ಆಮ್ಯಾಲೆ ಪಾಠ."

ಆದ್ದರಿಂದ ಎಲ್ಲಿಗೆ ಹೋದರೂ ಮಕ್ಕಳನ್ನು ಅವರೇ ಎಣಿಸುವರು. ಹೆಸರು ಕರೆಯುವ ಪದ್ಧತಿ ಇಲ್ಲ. ಸಾಲಿನಲ್ಲಿ ನಿಂತ ಒಂದೊಂದು ತಲೆಯ ಮೇಲೂ ಆ ಅಗಲವಾದ ಅಂಗೈ ಇಡುತ್ತ, ಇನ್ನೊಂದು ಕೈಯಿಂದ ಒಂದೊಂದು ಶೇಂಗಾ ಚಿಕ್ಕಿ ಕೊಡುತ್ತ ಹೋಗುವರು. ಮಕ್ಕಳೆದುರು ದಿನವಿಡೀ ಮರಾಠಿ, ಇಂಗ್ಲಿಷು ಆಡುವ ಬಾಯಿ ಎಣಿಸುವಾಗ ಮಾತ್ರ ಕನ್ನಡಕ್ಕೆ ಹೊರಳುತ್ತಿತ್ತು. ಅದನ್ನು ಕೇಳುವುದೇ ನನಗೊಂದು ಸುಖ.

ನಾನು ಸೇರಿದ ನಾಲ್ಕನೇ ವರ್ಷ ನನ್ನ ಮೂರನೇ ತರಗತಿಯನ್ನು ಜೇಜುರಿಗೆ ಕರೆದುಕೊಂಡು ಹೋದೆವು. ಖಂಡೋಬನ ಗುಡ್ಡದ ಮೇಲೆ ಭಕ್ತರು ಎರಚುವ ಭಂಡಾರಕ್ಕೆ ಮಕ್ಕಳ ಬಿಳಿ ಯೂನಿಫಾರ್ಮು, ಕೂದಲು, ಹುಬ್ಬು ಎಲ್ಲ ಅರಿಶಿನವಾಗಿ, ಯಾರು ಯಾರೆಂದು ತಿಳಿಯದಂತಾಯಿತು. ಕೆಳಗಿಳಿದ ಮೇಲೆ ಅಕ್ಕೋರು ಸಾಲು ಮಾಡಿಸಿ ಎಣಿಸಿದರು. "ನಲವತ್ತೊಂದು. ಬರೋಬರಿ ಅದ, ನಡೀರಿ."

"ಒಮ್ಮೆ ಹೆಸರು ಕರೀಲೇನ್ರಿ ಅಕ್ಕೋರ?"

"ನಾ ಎಣಿಸಿದ ಮ್ಯಾಲೆ ಹೆಸರ ಯಾಕ?"

ಸಾಸವಡದಲ್ಲಿ ಮಕ್ಕಳಿಗೆ ನೀರು ಕುಡಿಸಲು ಬಸ್ಸು ನಿಲ್ಲಿಸಿದಾಗ ಗೊತ್ತಾಯಿತು, ಒಬ್ಬ ಹುಡುಗಿ ಇಲ್ಲ. ಪಕ್ಕದ ಸೀಟಿನವಳು ಆಕೆ ಮುಂದೆ ಟೀಚರ್ ಹತ್ತಿರ ಕೂತಿದ್ದಾಳೆ ಎಂದುಕೊಂಡಿದ್ದಳಂತೆ. ಬಸ್ಸು ತಿರುಗಿಸಿದೆವು.

ಹುಡುಗಿ ಮೆಟ್ಟಿಲ ಬುಡದಲ್ಲೇ ಇದ್ದಳು; ಗುಡ್ಡದ ಮೇಲೆ ಹಿಂದುಳಿದವಳು ನಾವು ಹೊರಟ ಮೇಲೆ ಇಳಿದಿದ್ದಳಂತೆ. ವಿಜಯಪುರದ ಕಡೆಯಿಂದ ದೇವರಿಗೆ ಬಂದ ಒಂದು ಕುಟುಂಬ ಆಕೆಯನ್ನು ನಡುವೆ ಕೂರಿಸಿಕೊಂಡು ಸಮಾಧಾನ ಮಾಡುತ್ತಿತ್ತು. ಅವರ ಮಗಳೂ ಅದೇ ವಯಸ್ಸಿನವಳು, ತಲೆಯಿಂದ ಕಾಲಿನವರೆಗೆ ಹಳದಿ. ಅವಳ ಕೈಯಲ್ಲಿ ನಮ್ಮ ಚಿಕ್ಕಿ. ಚಿಕ್ಕಿಯ ಆಸೆಗೆ ಸಾಲಿನಲ್ಲಿ ನಿಂತು, ತಲೆ ಮುಟ್ಟಿಸಿಕೊಂಡು, ನಲವತ್ತೊಂದರಲ್ಲಿ ಒಬ್ಬಳಾಗಿ ಹೊರಟುಹೋಗಿದ್ದಳು. ಅಕ್ಕೋರು ಆ ಚಿಕ್ಕಿ ನೋಡಿದರು. ನಾನು ಅಕ್ಕೋರನ್ನು ನೋಡಿದೆ.

ಮರುದಿನ ಶಾಲೆಯ ಹಾಲಿನಲ್ಲಿ ಆಡಳಿತ ಸಮಿತಿಯವರು, ಪಾಲಕರು ಎಲ್ಲ ಸೇರಿದ್ದರು. ಎಣಿಸಿದವರು ಯಾರೆಂದು ಹುಡುಗಿಯ ತಾಯಿ ಕೇಳಿದಳು. ನಾನು ನಿಶ್ಚಿಂತೆಯಿಂದಲೇ ಕೂತಿದ್ದೆ, ಅಷ್ಟು ನಂಬಿಕೆ. ಅಕ್ಕೋರು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು ಹೇಳಿದರು: "ಮುಲಾಂಚೀ ಮೋಜಣೀ ವರ್ಗಶಿಕ್ಷಿಕೇನೇ ಕೇಲೀ ಹೋತೀ." ಮಕ್ಕಳನ್ನು ಎಣಿಸಿದ್ದು ಕ್ಲಾಸ್ ಟೀಚರ್ ಎಂದು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಸ್ಟಾಫ್‌ರೂಮಿಗೆ ಬಂದು ನನ್ನ ಕೈ ಹಿಡಿದರು. "ನನ್ನ ರಿಟೈರ್‌ಮೆಂಟಿಗೆ ಎರಡ ವರ್ಷ ಅದಾವ. ಈ ವಯಸ್ಸಿನಾಗ ಹೆಸರು ಕೆಡಿಸ್ಕೊಂಡು ನಾ ಎಲ್ಲಿ ಹೋಗ್ಲಿ? ನೀ ಸಣ್ಣಾಕಿ, ಎಲ್ಲೆರ ಕೆಲಸ ಸಿಗ್ತದ. ಸುಮ್ನಿರು ತಂಗಿ."

ಸುಮ್ಮನಿದ್ದೆ. ಕೈ ಕೊಸರಿಕೊಳ್ಳಬೇಕಿತ್ತು, ಹಾಲಿಗೆ ಓಡಿಹೋಗಿ ಕೂಗಬೇಕಿತ್ತು. ನಾಲ್ಕು ವರ್ಷ ಅವರು ಕಲಿಸಿದ್ದೆಲ್ಲ ಅಡ್ಡ ಬಂತು. ವಾರದೊಳಗೆ ಸಮಿತಿಯವರು ರಾಜೀನಾಮೆ ಬರೆಸಿಕೊಂಡರು. ಬೇರೆ ಕೆಲಸ ಸಿಕ್ಕಿತು, ಅಕ್ಕೋರು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ಆ ಹುಡುಗಿಯ ತಾಯಿ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾದರೆ ಇವತ್ತಿಗೂ ಮುಖ ತಿರುಗಿಸಿಕೊಂಡು ಹೋಗುತ್ತಾಳೆ.

ಕಳೆದ ತಿಂಗಳು ಅಕ್ಕೋರು ತೀರಿಕೊಂಡರು. ಹೋಗುವುದಿಲ್ಲ ಎಂದುಕೊಂಡವಳು ಹನ್ನೊಂದನೇ ದಿನ ಹೋದೆ. ಕೊನೆಗಾಲದಲ್ಲಾದರೂ ಮನೆಯಲ್ಲಿ ಒಂದು ಮಾತು ಆಡಿರಬಹುದು ಎಂಬ ಆಸೆ, ಸುಳ್ಳೇಕೆ ಹೇಳಲಿ. ಹೆಸರು ಹೇಳುತ್ತಲೇ ಅವರ ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವೇನ್ರಿ ಅವರು! ಅವ್ವ ನಿಮ್ಮನ್ನ ಭಾಳ ನೆನಸ್ತಿದ್ಲ್ರಿ. 'ಪಾಪ, ಎಣಿಸೋದ್ರಾಗ ಒಂದ ತಪ್ಪು ಮಾಡ್ತು ಹುಡುಗಿ. ಆಕೀನ ಉಳಿಸ್ಕೊಳ್ಳಾಕ ನಾ ಭಾಳ ಹೊಡದಾಡಿದೆ, ಆಗಲಿಲ್ಲ' ಅಂತ ಕಣ್ಣೀರು ತೆಗೀತಿದ್ಲು."

ಎದುರಿಗೆ ಅತ್ತು ಅತ್ತು ಕಣ್ಣು ಊದಿದ್ದ ಮಗಳು, ಸುತ್ತ ಹತ್ತು ಮಂದಿ ನೆಂಟರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೌದ್ರಿ," ಎಂದೆ. "ಭಾಳ ಹೊಡದಾಡಿದ್ರು."